ಎಫ್‌ಎಂಆರ್‌ಐನಲ್ಲಿ ‘ಭಾಷೆ ಎರಡೂ ಕಡೆ’ ಎಂದು ಬಂದಿದ್ದರೆ

ನಿಮ್ಮ ತಮ್ಮ ಎಡಗೈ ಬಳಸುವವರು, ಮಿದುಳಿನ ಎಡ ಟೆಂಪೊರಲ್ (ಕಿವಿಯ ಬಳಿಯ) ಭಾಗದ ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ ಆಗಬೇಕಿದೆ, ಎಫ್‌ಎಂಆರ್‌ಐ (ಮಿದುಳಿನ ಯಾವ ಜಾಗ ಸಕ್ರಿಯವಾಗುತ್ತದೆ ಎಂದು ತೋರಿಸುವ ಸ್ಕ್ಯಾನ್) ‘ಭಾಷೆ ಎರಡೂ ಕಡೆ’ ಎನ್ನುತ್ತಿದೆ, ವಾಡಾ ಪರೀಕ್ಷೆಯೂ (ಮಿದುಳಿನ ಒಂದು ಅರ್ಧವನ್ನು ಸ್ವಲ್ಪ ಹೊತ್ತು ಮಂಕಾಗಿಸಿ ಮಾತು, ನೆನಪು ನೋಡುವುದು) ಬೇಕೇ ಎಂದು ಕೇಳಿದ್ದೀರಿ. ಇಂಥ ಫಲಿತಾಂಶ ಬಂದಾಗ ವೈದ್ಯರು ವಾಡಾ ಪರೀಕ್ಷೆ ಕೇಳುವುದು ಸರಿಯೇ.

ಮೊದಲು ವರದಿಯಲ್ಲಿ ಲ್ಯಾಟರಾಲಿಟಿ ಇಂಡೆಕ್ಸ್ (ಭಾಷೆ ಯಾವ ಕಡೆ ವಾಲಿದೆ ಎಂಬ ಅಂಕ) ಎಷ್ಟಿದೆ ನೋಡಿ. ಎಡದ ಸಕ್ರಿಯತೆಯಿಂದ ಬಲದ್ದನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಸಾಮಾನ್ಯವಾಗಿ +0.2ಕ್ಕಿಂತ ಹೆಚ್ಚಿದ್ದರೆ ಎಡ, −0.2ಕ್ಕಿಂತ ಕಡಿಮೆ ಇದ್ದರೆ ಬಲ, ನಡುವೆ ಬಿದ್ದರೆ ಎರಡೂ ಕಡೆ. ತೊಂದರೆ ಏನೆಂದರೆ, ಸಂಖ್ಯಾಶಾಸ್ತ್ರೀಯ ಮಿತಿಯನ್ನು (ಎಷ್ಟು ಸಂಕೇತ ಇದ್ದರೆ ‘ಸಕ್ರಿಯ’ ಎಂದು ಎಣಿಸಬೇಕೆಂಬ ಗಡಿ) ಸ್ವಲ್ಪ ಏರಿಸಿ ಇಳಿಸಿದರೂ ಈ ಸಂಖ್ಯೆ ಬದಲಾಗುತ್ತದೆ. ಹಲವು ಮಿತಿಗಳಲ್ಲಿ ಲೆಕ್ಕ ಹಾಕಿದ್ದಾರೆಯೇ, ಮಿದುಳಿನ ಮುಂಭಾಗ ಮತ್ತು ಟೆಂಪೊರಲ್ ಭಾಗಕ್ಕೆ ಬೇರೆಬೇರೆ ಕೊಟ್ಟಿದ್ದಾರೆಯೇ ಎಂದು ವಿಚಾರಿಸಿ. ಸ್ಕ್ಯಾನ್‌ ವೇಳೆ ಒಂದೇ ಟಾಸ್ಕ್ (ಭಾಷೆಯ ಚಟುವಟಿಕೆ) ಮಾಡಿಸಿದ್ದರೆ ಅದು ಸಾಲದು. ಕ್ರಿಯಾಪದ ಹೇಳುವುದರ ಜೊತೆಗೆ ಅರ್ಥ ಗ್ರಹಿಸುವ ಟಾಸ್ಕ್ ಕೂಡ ಬೇಕು, ಅದೂ ಅವರಿಗೆ ಚೆನ್ನಾಗಿ ಬರುವ ಭಾಷೆಯಲ್ಲಿ.

ತಲೆ ಅಲುಗಾಡಿದ್ದರೆ, ಅಥವಾ ಸ್ಕ್ಯಾನ್‌ಗೆ ಸ್ವಲ್ಪ ಮೊದಲು ಫಿಟ್ಸ್ ಬಂದಿದ್ದರೆ, ಚಿತ್ರ ದಾರಿ ತಪ್ಪಿಸಬಹುದು. ಆಗ ಮತ್ತೊಮ್ಮೆ ಮಾಡಿಸುವುದೇ ಒಳ್ಳೆಯದು.

ಎಫ್‌ಎಂಆರ್‌ಐ ತೋರಿಸುವುದು ಕೆಲಸದಲ್ಲಿ ಭಾಗವಹಿಸುವ ಜಾಗಗಳನ್ನು. ಯಾವುದು ಇಲ್ಲದಿದ್ದರೆ ಮಾತು ನಿಲ್ಲುತ್ತದೆ ಎಂಬುದನ್ನಲ್ಲ. ವಾಡಾದಲ್ಲಿ ಕತ್ತಿನ ರಕ್ತನಾಳದ ಮೂಲಕ ಔಷಧ ಕೊಟ್ಟು ಮಿದುಳಿನ ಒಂದು ಅರ್ಧವನ್ನು ಕೆಲವು ನಿಮಿಷ ಮಂಕಾಗಿಸಿ, ಮಾತು ಮತ್ತು ನೆನಪು ಎರಡನ್ನೂ ಪರೀಕ್ಷಿಸುತ್ತಾರೆ. ಕ್ಯಾಥೆಟರ್ (ತೆಳ್ಳನೆಯ ಕೊಳವೆ) ಹಾಕುವುದರಿಂದ ಪಾರ್ಶ್ವವಾಯುವಿನ ಸಣ್ಣ ಅಪಾಯ ಇದ್ದೇ ಇದೆ, ಅದನ್ನು ನೇರವಾಗಿ ಕೇಳಿ ತಿಳಿದುಕೊಳ್ಳಿ.