ರ‍್ಯಾಪರ್‌ಗಳ ಜಗಳ ನಿಜವಾ, ನಾಟಕವಾ? ಗೆದ್ದವನಿಗೆ ದುಡ್ಡು ಬರುತ್ತಾ?

ಕೆಂಡ್ರಿಕ್ ಲಮಾರ್ ಮತ್ತು ಡ್ರೇಕ್ ಕಿತ್ತಾಡಿಕೊಂಡಿದ್ದನ್ನು ನೋಡಿ ನೀವು ಕೇಳಿದ್ದೀರಿ: ಹಾಡು ಕಟ್ಟಿ ಒಬ್ಬರನ್ನೊಬ್ಬರು ಬೈದುಕೊಳ್ಳುವುದು ನಿಜವಾದ ದ್ವೇಷವಾ, ಇಲ್ಲ ಎಲ್ಲರೂ ಸೇರಿ ಆಡುವ ವ್ಯಾಪಾರದ ನಾಟಕವಾ, ಮತ್ತು ಗೆದ್ದವನಿಗೆ ಅದರಿಂದ ನಿಜಕ್ಕೂ ದುಡ್ಡು ಬರುತ್ತಾ ಅಂತ.

ಜಗಳ ಬಹುತೇಕ ನಿಜವೇ. ದುಡ್ಡಿನ ಕಥೆ ಮಾತ್ರ ಬೇರೆ. ನಾನು ಲೆಕ್ಕಪತ್ರದ ಕೆಲಸದವನು, ಹಿಪ್-ಹಾಪ್ ಕೇಳಿಕೊಂಡೇ ಬೆಳೆದವನು, ಹಾಗಾಗಿ ಯಾರು ಯಾರಿಗೆ ಬೈದರು ಅನ್ನುವುದಕ್ಕಿಂತ ಆ ಬೈಗುಳದ ಹಾಡು ಯಾರ ಹೆಸರಲ್ಲಿ ರಿಜಿಸ್ಟರ್ ಆಗಿದೆ ಅನ್ನುವುದೇ ನನಗೆ ಜಾಸ್ತಿ ರುಚಿ. ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಶುರುವಿನಿಂದಲೇ ಇಲ್ಲಿ ಕಾಸಿನ ಮಾತು ಇತ್ತು. 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್, 1520 ಸೆಡ್ಜ್‌ವಿಕ್ ಅವೆನ್ಯೂ ಅನ್ನುವ ಬಾಡಿಗೆ ಮನೆಗಳ ಕಟ್ಟಡ. ಹಿಪ್-ಹಾಪ್ ಹುಟ್ಟಿದ್ದು ಅಲ್ಲಿನ ಒಂದು ಪಾರ್ಟಿಯಲ್ಲಿ ಅಂತ ಎಲ್ಲರೂ ಡಿಜೆ ಕೂಲ್ ಹರ್ಕ್ ಹೆಸರು ಹೇಳುತ್ತಾರೆ. ಆದರೆ ಪಾರ್ಟಿ ಇಟ್ಟುಕೊಂಡವಳು ಅವನ ತಂಗಿ ಸಿಂಡಿ ಕ್ಯಾಂಪ್‌ಬೆಲ್. ಶಾಲೆ ಶುರುವಾಗುವುದರೊಳಗೆ ಅವಳಿಗೆ ಹೊಸ ಬಟ್ಟೆ ಬೇಕಿತ್ತು. ಸಣ್ಣ ಕಾರ್ಡುಗಳ ಮೇಲೆ ಕೈಯಲ್ಲೇ ಬರೆದು ಹಂಚಿದರು: ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ಹುಡುಗಿಯರು ಬಂದರೆ ಹುಡುಗರು ಕರೆಯದೇ ಬರುತ್ತಾರೆ ಅನ್ನೋ ಲೆಕ್ಕ ಇರಬೇಕು. ನನ್ನ ಪ್ರಕಾರ ಹಿಪ್-ಹಾಪ್‌ನ ಮೊದಲ ಉದ್ಯಮಿ ಅವಳೇ.

ಪೈಪೋಟಿಯೂ ಆಗಲೇ ಇತ್ತು. ಹರ್ಕ್ ತನ್ನ ಗ್ರಾಮಫೋನ್ ಪ್ಲೇಟುಗಳನ್ನು ನೀರಲ್ಲಿ ನೆನೆಸಿ, ಮಧ್ಯದ ಲೇಬಲ್ ಕಿತ್ತು ಹಾಕುತ್ತಿದ್ದ. ಎದುರಾಳಿ ಡಿಜೆ ಬಂದು ಎಷ್ಟೇ ಇಣುಕಿದರೂ ಯಾವ ಹಾಡು ಅಂತ ಗೊತ್ತಾಗಬಾರದು!

ಮೊದಲ ದೊಡ್ಡ ಮೋಸವೂ ಬೇಗನೇ ನಡೆಯಿತು. 1979ರಲ್ಲಿ ನ್ಯೂಜೆರ್ಸಿಯ ಸಿಲ್ವಿಯಾ ರಾಬಿನ್ಸನ್ ಅನ್ನುವವರು ಮೂವರನ್ನು ಸೇರಿಸಿ ಶುಗರ್‌ಹಿಲ್ ಗ್ಯಾಂಗ್ ಅಂತ ಹೆಸರಿಟ್ಟು ಒಂದು ರೆಕಾರ್ಡ್ ಬಿಟ್ಟರು, ಅದು ಜಗತ್ತಿಡೀ ಓಡಿತು. ಮೂವರಲ್ಲಿ ಒಬ್ಬ, ಬಿಗ್ ಬ್ಯಾಂಕ್ ಹ್ಯಾಂಕ್, ಪಿಜ್ಜಾ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಅವನು ಹಾಡಿದ ಸಾಲುಗಳು ಬ್ರಾಂಕ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಬರೆದವು. ಎಷ್ಟರ ಮಟ್ಟಿಗೆ ಅಂದರೆ ಕ್ಯಾಜ್ ತನ್ನ ಹೆಸರನ್ನು ಅಕ್ಷರ ಬಿಡಿಸಿ ಹೇಳಿಕೊಳ್ಳುವ ಸಾಲನ್ನೂ ಇವನು ಹಾಗೇ ಹಾಡಿಬಿಟ್ಟಿದ್ದಾನೆ. ತನಗೆ ಬಿಡಿಗಾಸೂ ಸಿಗಲಿಲ್ಲ ಅಂತ ಕ್ಯಾಜ್ ಆಮೇಲೆ ಎಷ್ಟೋ ಸಲ ಹೇಳಿದ್ದಾನೆ. ಮುಂದಿನವರು ಮಾಲೀಕತ್ವ ಅಂತ ಬಡಿದಾಡಿದ್ದಕ್ಕೆ ಇಂಥ ಕಥೆಗಳೇ ಕಾರಣ.

ಈಗ ಸ್ವಲ್ಪ ಲೆಕ್ಕ. ಸುಮ್ನೆ ಉದಾಹರಣೆಗೆ, ಒಂದು ಸಿಡಿಯ ಸಗಟು ಬೆಲೆ 10 ಡಾಲರ್, ಕಲಾವಿದನ ರಾಯಲ್ಟಿ ನೂರಕ್ಕೆ 12 ಅಂತ ಇಟ್ಟುಕೊಳ್ಳಿ. ಅಂದರೆ ಸಿಡಿಗೆ 1 ಡಾಲರ್ 20 ಸೆಂಟ್. ಕಂಪನಿ ಮುಂಗಡ ಅಂತ 3 ಲಕ್ಷ ಡಾಲರ್ ಕೊಟ್ಟಿದೆ. ಆ ಮುಂಗಡ ತೀರುವುದು ಇಡೀ ಹತ್ತು ಡಾಲರಿನಿಂದಲ್ಲ, ಇವನ ಆ 1.20ರಿಂದ ಮಾತ್ರ. ಹಾಗಾಗಿ ಎರಡೂವರೆ ಲಕ್ಷ ಸಿಡಿ ಮಾರಾಟವಾಗುವವರೆಗೂ ಇವನ ಕೈಗೆ ಹೊಸದಾಗಿ ಒಂದು ಸೆಂಟೂ ಬರುವುದಿಲ್ಲ. ಅಷ್ಟೊತ್ತಿಗೆ ಕಂಪನಿ ಒಳ್ಳೇ ಲಾಭದಲ್ಲಿರುತ್ತದೆ. ಇಷ್ಟೆಲ್ಲ ಆದ ಮೇಲೂ ಮಾಸ್ಟರ್, ಅಂದರೆ ಮೂಲ ರೆಕಾರ್ಡಿಂಗಿನ ಹಕ್ಕು, ಕಂಪನಿಯದ್ದೇ. ಸಾಲ ತೀರಿಸಿದವನು ಇವನು, ಮನೆ ಪತ್ರ ಅವರ ಹೆಸರಲ್ಲಿ.

ಈ ಲೆಕ್ಕವನ್ನು ತಲೆಕೆಳಗು ಮಾಡಿದವನು ನ್ಯೂ ಆರ್ಲಿಯನ್ಸ್‌ನ ರ‍್ಯಾಪರ್ ಮಾಸ್ಟರ್ ಪಿ. ತಾತನ ಸಾವಿಗೆ ಸಿಕ್ಕ ಪರಿಹಾರದಲ್ಲಿ ಅವನ ಪಾಲಿಗೆ 10,000 ಡಾಲರ್ ಬಂತು. ಅದನ್ನು ಹಾಕಿ ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿ ನೋ ಲಿಮಿಟ್ ಅಂತ ಕ್ಯಾಸೆಟ್ ಅಂಗಡಿ ತೆರೆದ. ಗಲ್ಲಾದ ಹಿಂದೆ ಕೂತು ಜನ ಏನು ಕೇಳಿಕೊಂಡು ಬರುತ್ತಾರೆ ನೋಡಿದ, ಆಮೇಲೆ ಅದೇ ಹೆಸರಲ್ಲಿ ಲೇಬಲ್, ಅಂದರೆ ಹಾಡು ಹೊರತರುವ ಕಂಪನಿ, ಶುರು ಮಾಡಿದ. 1996ರಲ್ಲಿ ಪ್ರಯಾರಿಟಿ ರೆಕಾರ್ಡ್ಸ್ ಜೊತೆ ಅವನು ಮಾಡಿಕೊಂಡ ಒಪ್ಪಂದದಲ್ಲಿ ನೂರಕ್ಕೆ 85 ಪಾಲು ಇವನಿಗೆ, ಹಂಚಿಕೆ ಮಾಡಿದ್ದಕ್ಕೆ 15 ಪಾಲು ಅವರಿಗೆ, ಮಾಸ್ಟರ್ ಇವನದ್ದೇ. ಸ್ಟುಡಿಯೊ, ಜಾಹೀರಾತು ಎಲ್ಲ ಖರ್ಚೂ ಇವನದ್ದು, ಅದು ನಿಜ. ಆದರೆ ಮೇಲಿನ ಉದಾಹರಣೆಯಲ್ಲಿ ಅದೇ 3 ಲಕ್ಷ ವಾಪಸ್ ಬರಲು ಈಗ 35 ಸಾವಿರ ಚಿಲ್ಲರೆ ಸಿಡಿ ಸಾಕು. ಅವನ ಸಿಡಿ ತೆರೆದರೆ ಒಳಗಿನ ಹಾಳೆಯಲ್ಲಿ ಮುಂದೆ ಬರಲಿರುವ ನೋ ಲಿಮಿಟ್ ಆಲ್ಬಂಗಳ ಜಾಹೀರಾತು ಇರುತ್ತಿತ್ತು. ಗಿರಾಕಿ ದುಡ್ಡು ಕೊಟ್ಟು ಕೊಂಡ ಮಾಲಿನೊಳಗೇ ಮುಂದಿನ ಮಾಲಿನ ಪ್ರಚಾರ! 1998 ಒಂದೇ ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಲ್ಬಂ ಬಿಟ್ಟ. ಎಲ್ಲ ಚೆನ್ನಾಗಿದ್ದವು ಅಂತಲ್ಲ, ಕೆಲವನ್ನು ಈಗ ಕೇಳುವುದು ಕಷ್ಟ. 2003ರಲ್ಲಿ ಆ ಲೇಬಲ್ ದಿವಾಳಿ ಅರ್ಜಿ ಹಾಕಿತು, ಅದನ್ನೂ ಹೇಳಲೇಬೇಕು.

ಈಗ ನ್ಯೂಯಾರ್ಕಿನ ಇಬ್ಬರು ರ‍್ಯಾಪರ್‌ಗಳು, ಜೇ-ಝೀ ಮತ್ತು ನಾಸ್. ಪ್ರತಿಸ್ಪರ್ಧೆ, ಆಸೆ, ವ್ಯಾಪಾರ ಮೂರೂ ಒಂದೇ ಕಡೆ ನೋಡಬೇಕಾದರೆ ಇವರಿಬ್ಬರನ್ನು ನೋಡಿ.

ನಾಸ್ ಕ್ವೀನ್ಸ್‌ಬ್ರಿಜ್‌ನ ಹುಡುಗ. ಸಣ್ಣ ವಯಸ್ಸಿಗೇ ಕೊಲಂಬಿಯಾ ಅನ್ನುವ ದೊಡ್ಡ ಕಂಪನಿ ಅವನನ್ನು ಎತ್ತಿಕೊಂಡಿತು. 1994ರ ಅವನ ಮೊದಲ ಆಲ್ಬಂ ಇಲ್‌ಮ್ಯಾಟಿಕ್ ಬಗ್ಗೆ ಇವತ್ತಿಗೂ ಪಾಠ ಮಾಡುತ್ತಾರೆ. ಬ್ರೂಕ್ಲಿನ್‌ನ ಜೇ-ಝೀಗೆ ಅಂಥ ಅದೃಷ್ಟ ಇರಲಿಲ್ಲ, ದೊಡ್ಡ ಕಂಪನಿ ಯಾವುದೂ ಸೊಪ್ಪು ಹಾಕಲಿಲ್ಲ. ಸರಿ, ಡೇಮನ್ ಡ್ಯಾಶ್, ಕರೀಮ್ ಬರ್ಕ್ ಜೊತೆ ಸೇರಿ ರಾಕ್-ಅ-ಫೆಲ್ಲಾ ಅಂತ ಸ್ವಂತ ಲೇಬಲ್ ಕಟ್ಟಿಕೊಂಡ. 1996ರಲ್ಲಿ ಮೊದಲ ಆಲ್ಬಂ ಬಂತು, 1997ರಲ್ಲಿ ಡೆಫ್ ಜ್ಯಾಮ್ ಕಂಪನಿ ಆ ಲೇಬಲ್ಲಿನಲ್ಲಿ ಪಾಲು ತಗೊಂಡಿತು. ಬಟ್ಟೆ ವಿಷಯದಲ್ಲೂ ಇದೇ ಕಥೆ. ಜೇ-ಝೀ ಐಸ್‌ಬರ್ಗ್ ಅನ್ನುವ ಬ್ರ್ಯಾಂಡ್ ಹಾಕಿಕೊಂಡು ಹಾಡಿದರೆ ಅಭಿಮಾನಿಗಳೂ ಅದನ್ನೇ ಹಾಕಿಕೊಂಡು ಬರುತ್ತಿದ್ದರು. ಇವರು ಹೋಗಿ ಒಪ್ಪಂದ ಮಾಡಿಕೊಳ್ಳೋಣ ಅಂತ ಆ ಕಂಪನಿಯನ್ನು ಕೇಳಿದರು, ಮಾತುಕತೆ ಕುದುರಲಿಲ್ಲ, 1999ರಲ್ಲಿ ತಾವೇ ರಾಕಾವೇರ್ ಅಂತ ಬಟ್ಟೆ ಬ್ರ್ಯಾಂಡ್ ಶುರು ಮಾಡಿದರು.

2001ರ ಬೇಸಿಗೆ. ನ್ಯೂಯಾರ್ಕಿನ ಹಾಟ್ 97 ರೇಡಿಯೊದವರ ಸಮ್ಮರ್ ಜ್ಯಾಮ್ ಕಾರ್ಯಕ್ರಮ. ಮಾಬ್ ಡೀಪ್ ಅನ್ನುವ ರ‍್ಯಾಪ್ ತಂಡದ ಪ್ರಾಡಿಜಿ ಬೀದಿಯ ಗಟ್ಟಿ ಮನುಷ್ಯ ಅಂತ ಹೆಸರಾದವನು. ಜೇ-ಝೀ ವೇದಿಕೆಗೆ ಬಂದು, ಪ್ರಾಡಿಜಿ ಚಿಕ್ಕವನಿದ್ದಾಗ ಡ್ಯಾನ್ಸ್ ಕ್ಲಾಸಿನ ಡ್ರೆಸ್ ಹಾಕಿಕೊಂಡು ತೆಗೆಸಿಕೊಂಡ ಫೋಟೊವನ್ನು ದೊಡ್ಡ ಪರದೆ ಮೇಲೆ ಹಾಕಿಸಿಬಿಟ್ಟ. ಅಲ್ಲಿ ಹಾಡಿದ ಬೈಗುಳದ ಹಾಡಿನ ಕೊನೆಯಲ್ಲಿ ನಾಸ್ ಹೆಸರನ್ನೂ ಎಳೆದ. ಸೆಪ್ಟೆಂಬರ್‌ನಲ್ಲಿ ಅದೇ ಹಾಡು ನಾಸ್ ಮೇಲೆ ಇನ್ನೊಂದು ಪೂರ್ತಿ ಚರಣ ಸೇರಿಸಿಕೊಂಡು ಜೇ-ಝೀ ಆಲ್ಬಂನಲ್ಲಿ ಬಂತು. ಡಿಸೆಂಬರ್‌ನಲ್ಲಿ ನಾಸ್ ಉತ್ತರ ಕೊಟ್ಟ, ಈಥರ್ ಅಂತ ಹಾಡು. ಯಾರನ್ನಾದರೂ ಹಾಡಿನಲ್ಲಿ ನೆಲಕ್ಕೆ ಬಡಿದರೆ ‘ಈಥರ್ ಮಾಡಿದ’ ಅಂತ ರ‍್ಯಾಪ್ ಜನ ಈಗಲೂ ಹೇಳುತ್ತಾರೆ, ಅಷ್ಟು ಜೋರಾಗಿತ್ತು. ಜೇ-ಝೀ ತಕ್ಷಣ ಇನ್ನೊಂದು ಹಾಡು ಬಿಟ್ಟ, ಅದರಲ್ಲಿ ನಾಸ್‌ನ ಮಗಳ ತಾಯಿಯ ಬಗ್ಗೆ ಹೊಲಸು ಮಾತು. ಅದನ್ನು ಕೇಳಿದ ಜೇ-ಝೀ ತಾಯಿ ಗ್ಲೋರಿಯಾ ಕಾರ್ಟರ್ ಮಗನಿಗೆ ಫೋನ್ ಮಾಡಿ ಕ್ಷಮೆ ಕೇಳು ಅಂದರು. ಅವನು ರೇಡಿಯೊದಲ್ಲಿ ಬಂದು ಕೇಳಿದ. ಕೋಟಿಗಟ್ಟಲೆ ವ್ಯವಹಾರ ಮಾಡುವವನಾದರೂ ಅಮ್ಮ ಬೈದರೆ ಮುಗೀತು, ಅಲ್ವಾ? ಹಾಟ್ 97 ಕೇಳುಗರ ವೋಟಿನಲ್ಲಿ ನಾಸ್ ಗೆದ್ದ. ನನ್ನನ್ನು ಕೇಳಿದರೂ ಗೆದ್ದವನು ನಾಸೇ.

ಈಗ ಖಾತೆ ಪುಸ್ತಕ ತೆರೆಯಿರಿ. 2004ರಲ್ಲಿ ಡೆಫ್ ಜ್ಯಾಮ್ ರಾಕ್-ಅ-ಫೆಲ್ಲಾದ ಉಳಿದ ಪಾಲನ್ನೂ ಕೊಂಡುಕೊಂಡಿತು, ಸೋತ ಜೇ-ಝೀಯನ್ನೇ ಕರೆದು ಡೆಫ್ ಜ್ಯಾಮ್‌ನ ಅಧ್ಯಕ್ಷನ ಕುರ್ಚಿ ಕೊಟ್ಟಿತು. 2005ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯಲ್ಲಿ ಅವನ ಕಾರ್ಯಕ್ರಮ. ಹೆಸರೇ ಯುದ್ಧ ಸಾರುತ್ತೇನೆ ಅಂತ. ಇನ್ಯಾರ ಮೇಲೆ ಬೀಳುತ್ತಾನೋ ಅಂತ ಜನ ಕಾಯುತ್ತಿದ್ದರೆ ನಾಸ್‌ನನ್ನು ವೇದಿಕೆಗೆ ಕರೆದು ಕೈ ಕುಲುಕಿದ. ಮೂರು ತಿಂಗಳಲ್ಲಿ ನಾಸ್ ಡೆಫ್ ಜ್ಯಾಮ್‌ಗೆ ಸಹಿ ಹಾಕಿದ. ಜಗಳದಲ್ಲಿ ಗೆದ್ದವನ ಮುಂದಿನ ಆಲ್ಬಂ ಬಂದದ್ದು ಸೋತವನು ಅಧ್ಯಕ್ಷನಾಗಿದ್ದ ಕಂಪನಿಯಿಂದ! ರಾಕಾವೇರ್ 2007ರಲ್ಲಿ 20 ಕೋಟಿ 40 ಲಕ್ಷ ಡಾಲರಿಗೆ ಮಾರಾಟವಾಯಿತು. ಪಾಪ, ಡೇಮನ್ ಡ್ಯಾಶ್ ಅದಕ್ಕೆ ಎರಡು ವರ್ಷ ಮೊದಲೇ ತನ್ನ ಪಾಲು ಬಿಟ್ಟುಕೊಟ್ಟಿದ್ದ.

ನಾಸ್ ಸುಮ್ಮನೆ ಕೂರಲಿಲ್ಲ ಅನ್ನಿ. ಕ್ವೀನ್ಸ್‌ಬ್ರಿಜ್ ಹೆಸರಲ್ಲೇ ಒಂದು ಹೂಡಿಕೆ ಸಂಸ್ಥೆ ಕಟ್ಟಿ, ಇನ್ನೂ ಚಿಕ್ಕದಾಗಿದ್ದ ಕಾಯಿನ್‌ಬೇಸ್, ರಿಂಗ್, ಪಿಲ್‌ಪ್ಯಾಕ್ ಥರದ ಕಂಪನಿಗಳಲ್ಲಿ ದುಡ್ಡು ಹಾಕಿದ. ರಿಂಗ್ ಮತ್ತು ಪಿಲ್‌ಪ್ಯಾಕ್ ಎರಡನ್ನೂ 2018ರಲ್ಲಿ ಅಮೆಜಾನ್ ಕೊಂಡಿತು. ಮಾಸ್ ಅಪೀಲ್ ಅನ್ನುವ ಲೇಬಲ್‌ನಲ್ಲೂ ಅವನ ಪಾಲಿದೆ. 2019ರಲ್ಲಿ ಅದು ಭಾರತಕ್ಕೆ ಬಂದಾಗ ಮೊದಲು ಸಹಿ ಹಾಕಿಸಿಕೊಂಡದ್ದು ಮುಂಬೈನ ರ‍್ಯಾಪರ್ ಡಿವೈನ್‌ನನ್ನು.

50 ಸೆಂಟ್ ಅನ್ನುವ ರ‍್ಯಾಪರ್‌ನ ಕಥೆ ಬೇಗ ಹೇಳುತ್ತೇನೆ. 2007ರ ಸೆಪ್ಟೆಂಬರ್ 11ರಂದು ಅವನ ಆಲ್ಬಂ, ಕಾನ್ಯೆ ವೆಸ್ಟ್ ಆಲ್ಬಂ ಒಂದೇ ದಿನ ಬಂದವು. ಕಾನ್ಯೆ ಜಾಸ್ತಿ ಮಾರಿದರೆ ಇನ್ನು ಸೋಲೋ ಆಲ್ಬಂ ಮಾಡುವುದಿಲ್ಲ ಅಂತ 50 ಪಣ ತೊಟ್ಟ. ಮೊದಲ ವಾರ ಕಾನ್ಯೆ 9 ಲಕ್ಷ 57 ಸಾವಿರ, 50 ಸೆಂಟ್ 6 ಲಕ್ಷ 91 ಸಾವಿರ. ಪಣ ಗಾಳಿಗೆ ತೂರಿ ಮತ್ತೆ ಆಲ್ಬಂ ಮಾಡಿದ ಬಿಡಿ. ಇದು ಮಾತ್ರ ಅಪ್ಪಟ ವ್ಯಾಪಾರದ ಜಗಳ, ಯಾಕೆಂದರೆ ಇಬ್ಬರ ಲೇಬಲ್ಲುಗಳೂ ಯೂನಿವರ್ಸಲ್ ಅನ್ನುವ ಒಂದೇ ಕಂಪನಿಗೆ ಸೇರಿದ್ದವು, ಯಾರು ಗೆದ್ದರೂ ಮಾಲು ಅವರದ್ದೇ. ಸೋತ 50 ಸೆಂಟ್‌ಗೆ ಅದೇ ವರ್ಷ ಇನ್ನೊಂದು ಕಡೆಯಿಂದ ಹಣ ಬಂದಿತ್ತು. ವಿಟಮಿನ್‌ವಾಟರ್ ಅನ್ನುವ ಪಾನೀಯದ ಜಾಹೀರಾತಿಗೆ ಸಂಭಾವನೆಯ ಜೊತೆ ಷೇರು ಕೇಳಿ ಇಸಿದುಕೊಂಡಿದ್ದ, ಆ ಕಂಪನಿಯನ್ನು ಕೋಕಾ-ಕೋಲಾ 410 ಕೋಟಿ ಡಾಲರ್ ಕೊಟ್ಟು ಕೊಂಡಿತು. ಅವನು 2015ರಲ್ಲಿ ದಿವಾಳಿ ಅರ್ಜಿ ಹಾಕಿದ್ದು ಬೇರೆಯೇ ಪುರಾಣ.

ಜಗಳ ಹಾಡಿನಿಂದ ಹೊರಗೆ ಬಂದಾಗ ಏನಾಗುತ್ತದೆ ಅನ್ನುವುದಕ್ಕೆ ಟುಪಾಕ್ ಮತ್ತು ಬಿಗ್ಗಿ ಅನ್ನುವ ಎದುರಾಳಿ ರ‍್ಯಾಪರ್‌ಗಳು ಇದ್ದಾರೆ. 1996ರ ಸೆಪ್ಟೆಂಬರ್‌ನಲ್ಲಿ ಟುಪಾಕ್, ವಯಸ್ಸು 25. 1997ರ ಮಾರ್ಚ್‌ನಲ್ಲಿ ಬಿಗ್ಗಿ, ವಯಸ್ಸು 24. ಇಬ್ಬರೂ ಗುಂಡಿಗೆ ಬಲಿ. ಬಿಗ್ಗಿ ಸತ್ತ ಹದಿನಾರನೇ ದಿನಕ್ಕೆ ಅವನ ಆಲ್ಬಂ ಅಂಗಡಿಗೆ ಬಂತು, ಲಕ್ಷಗಟ್ಟಲೆ ಮಾರಾಟವಾಯಿತು. ಇದನ್ನು ‘ಗಿಮಿಕ್’ ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ.

ರ‍್ಯಾಪರ್‌ಗಳೇ ಮಾಲೀಕರಾದರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಂದುಕೊಳ್ಳಬೇಡಿ. ನ್ಯೂ ಆರ್ಲಿಯನ್ಸ್‌ನ ಕ್ಯಾಶ್ ಮನಿ ಲೇಬಲ್ ಬರ್ಡ್‌ಮನ್ ಮತ್ತು ಅವನ ಅಣ್ಣ ಕಟ್ಟಿದ್ದು. ಅಲ್ಲೇ ಹುಡುಗನಾಗಿ ಸೇರಿದ ಲಿಲ್ ವೇಯ್ನ್, ಬರ್ಡ್‌ಮನ್‌ನನ್ನು ಅಪ್ಪ ಅಂತಲೇ ಕರೆಯುತ್ತಿದ್ದವನು, 2015ರಲ್ಲಿ 5 ಕೋಟಿ 10 ಲಕ್ಷ ಡಾಲರ್ ಕೊಡಬೇಕು ಅಂತ ಅದೇ ಲೇಬಲ್ ಮೇಲೆ ಕೇಸ್ ಹಾಕಿದ. ರಾಜಿಯಾಗಿದ್ದು 2018ರಲ್ಲಿ.

ಇನ್ನು ನೀವು ಕೇಳಿದ ಜಗಳ. ಡ್ರೇಕ್‌ನನ್ನು ಬೆಳೆಸಿದ್ದು ಇದೇ ವೇಯ್ನ್. 2024ರ ಮೇ ತಿಂಗಳಲ್ಲಿ ಕೆಂಡ್ರಿಕ್‌ನ ನಾಟ್ ಲೈಕ್ ಅಸ್ ಅನ್ನುವ, ಡ್ರೇಕ್‌ನನ್ನು ಬೈಯುವ ಹಾಡು ಬಂತು, ಗ್ರ್ಯಾಮಿಯಲ್ಲಿ ಐದು ಪ್ರಶಸ್ತಿ ಬಾಚಿತು. ದ್ವೇಷ ನಿಜ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಡ್ರೇಕ್‌ನ ಹಾಡುಗಳು ಬರುವುದು ರಿಪಬ್ಲಿಕ್ ಲೇಬಲ್ ಮೂಲಕ, ಕೆಂಡ್ರಿಕ್‌ನದು ಇಂಟರ್‌ಸ್ಕೋಪ್ ಮೂಲಕ, ಎರಡೂ ಮತ್ತದೇ ಯೂನಿವರ್ಸಲ್. 2025ರ ಜನವರಿಯಲ್ಲಿ ಡ್ರೇಕ್ ಮಾನನಷ್ಟದ ಕೇಸ್ ಹಾಕಿದ್ದು ಕೆಂಡ್ರಿಕ್ ಮೇಲಲ್ಲ, ಯೂನಿವರ್ಸಲ್ ಮೇಲೆ. ಅಕ್ಟೋಬರ್‌ನಲ್ಲಿ ನ್ಯಾಯಾಧೀಶರು ಅದನ್ನು ವಜಾ ಮಾಡಿದರು, ಆ ಬೈಗುಳಗಳನ್ನು ವಾಸ್ತವದ ಹೇಳಿಕೆ ಅಂತ ತಗೊಳ್ಳೋಕಾಗಲ್ಲ, ಅದು ಅಭಿಪ್ರಾಯ ಅಷ್ಟೇ ಅಂದರು. ಅಷ್ಟರಲ್ಲಿ ಫೆಬ್ರವರಿಯಲ್ಲಿ ನಡೆದ ಅಮೆರಿಕನ್ ಫುಟ್‌ಬಾಲ್‌ನ ಸೂಪರ್ ಬೌಲ್ ಫೈನಲ್‌ನ ಮಧ್ಯಂತರದಲ್ಲಿ ಕೆಂಡ್ರಿಕ್ ಆ ಹಾಡನ್ನು ಇಡೀ ಅಮೆರಿಕದ ಮುಂದೆ ಹಾಡಿಯಾಗಿತ್ತು. ನಡೆದದ್ದು ವೇಯ್ನ್‌ನ ಊರು ನ್ಯೂ ಆರ್ಲಿಯನ್ಸ್‌ನಲ್ಲಿ, ತನ್ನನ್ನು ಕರೆಯಲಿಲ್ಲ ಅಂತ ಅವನು ಬಹಿರಂಗವಾಗೇ ನೊಂದುಕೊಂಡಿದ್ದ. ಆ ಮಧ್ಯಂತರ ಕಾರ್ಯಕ್ರಮಕ್ಕೆ 2019ರಿಂದ ಕೈಜೋಡಿಸಿರುವ ಕಂಪನಿ ರಾಕ್ ನೇಷನ್, ಅದರ ಒಡೆಯ ಜೇ-ಝೀ.

ಹಾಡಿನ ಹಕ್ಕು ಯಾರದ್ದು ಅಂತ ನೀವೇ ಪರೀಕ್ಷೆ ಮಾಡಬೇಕು ಅಂದರೆ ಹಾಡು ಕೇಳುವ ಆ್ಯಪ್‌ನಲ್ಲಿ ಯಾವುದಾದರೂ ಆಲ್ಬಂ ತೆರೆದು ಕೊನೇತನಕ ಕೆಳಗೆ ಹೋಗಿ. ವೃತ್ತದೊಳಗೆ ಇಂಗ್ಲಿಷ್ ‘ಪಿ’ ಅಕ್ಷರ, ಪಕ್ಕದಲ್ಲಿ ವರ್ಷ, ಒಂದು ಹೆಸರು ಇರುತ್ತದೆ. ರೆಕಾರ್ಡಿಂಗಿನ ಹಕ್ಕುದಾರ ಅವನೇ. ಕಂಪನಿ ಹೆಸರೊಂದೇ ಇದ್ದರೆ ಮಾಸ್ಟರ್ ಕಂಪನಿಯದ್ದು. ಕಲಾವಿದನ ಅಥವಾ ಅವನ ಸ್ವಂತ ಕಂಪನಿಯ ಹೆಸರು ಇದ್ದು, ಮುಂದೆ ಇಂಥವರಿಗೆ ಲೈಸೆನ್ಸ್ ಕೊಟ್ಟಿದೆ ಅಂತಿದ್ದರೆ ಹಕ್ಕು ಅವನದ್ದು, ದೊಡ್ಡ ಕಂಪನಿ ಒಪ್ಪಂದ ಇರುವವರೆಗೆ ಮಾರಿಕೊಡುತ್ತದೆ. 1990ರ ದಶಕದ ನಾಲ್ಕು ಆಲ್ಬಂ, ಈಚಿನ ನಾಲ್ಕು ಆಲ್ಬಂ ಪಕ್ಕಪಕ್ಕ ಇಟ್ಟು ನೋಡಿ. ನಮ್ಮ ಕನ್ನಡ ರ‍್ಯಾಪ್ ಹಾಡುಗಳಲ್ಲೂ ನೋಡಿ, ಯಾರ ಹೆಸರು ಸಿಕ್ಕಿತು ಅಂತ ಕೆಳಗೆ ಬರೆಯಿರಿ.