ಉಬುಂಟು ಕಂಪ್ಯೂಟರ್ ಕಾಣದಿದ್ದರೆ ಎಸ್‌ಎಂಬಿ1 ಆನ್ ಮಾಡಬೇಕಾ?

ಬೇಡ. ಗದಗದ ನಿಮ್ಮ ಪ್ರೆಸ್ಸಿನಲ್ಲಿ ಪೇಜ್ ಸೆಟ್ಟಿಂಗಿಗೆ ವಿಂಡೋಸ್ 7, ಬಿಲ್ಲಿಂಗಿಗೆ ವಿಂಡೋಸ್ 11, ಫೈಲ್ ಎಲ್ಲ ಇಟ್ಟಿರುವುದು ಉಬುಂಟುವಿನಲ್ಲಿ; ವಿಂಡೋಸ್ ಎರಡೂ ಒಂದಕ್ಕೊಂದು ಕಾಣುತ್ತವೆ, ಉಬುಂಟು ಮಾತ್ರ ನೆಟ್‌ವರ್ಕ್ ಪಟ್ಟಿಯಲ್ಲಿ ಬರುತ್ತಿಲ್ಲ ಅಂದಿದ್ದೀರಿ. ಎಸ್‌ಎಂಬಿ1 (ವಿಂಡೋಸ್ ಫೈಲ್ ಹಂಚಿಕೊಳ್ಳುವ ವಿಧಾನದ ಹಳೇ ಆವೃತ್ತಿ) ಆನ್ ಮಾಡಿ ಅಂತ ಹೇಳಿದವರು ಹಳೇ ಕಾಲದ ಮದ್ದು ಕೊಟ್ಟಿದ್ದಾರೆ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಹರಡಿದ್ದೇ ಅದರ ತೂತಿನಿಂದ. ಅದೇ ವರ್ಷ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಹೊಸದಾಗಿ ವಿಂಡೋಸ್ ಹಾಕಿದರೆ ಎಸ್‌ಎಂಬಿ1 ತಾನಾಗಿ ಬರುವುದಿಲ್ಲ.

ಮೊದಲು ಒಂದು ಪರೀಕ್ಷೆ ಮಾಡಿ. ಉಬುಂಟುವಿನ ಐಪಿ (ನೆಟ್‌ವರ್ಕ್‌ನಲ್ಲಿ ಆ ಕಂಪ್ಯೂಟರಿನ ನಂಬರ್) ನೋಡಿಕೊಂಡು, ವಿಂಡೋಸ್‌ನಲ್ಲಿ ಫೋಲ್ಡರ್ ಕಿಟಕಿಯ ಮೇಲಿನ ಪಟ್ಟಿಯಲ್ಲಿ \\192.168.1.20 ಅಂತ ನಿಮ್ಮ ನಂಬರ್ ಹಾಕಿ ಎಂಟರ್ ಒತ್ತಿ. ತೆರೆಯಿತಾ? ಹಾಗಾದರೆ ನಿಮ್ಮ ಸಾಂಬಾ, ಅಂದರೆ ಉಬುಂಟುವಿನ ಫೈಲ್‌ಗಳನ್ನು ವಿಂಡೋಸ್‌ಗೆ ಕೊಡುವ ಸಾಫ್ಟ್‌ವೇರ್, ಚೆನ್ನಾಗಿಯೇ ಇದೆ, ಸುಮ್ನೆ ಅದನ್ನು ತೆಗೆದು ಮತ್ತೆ ಹಾಕುತ್ತಾ ಕೂರಬೇಡಿ. ಈಗಿನ ವಿಂಡೋಸ್ ಪಟ್ಟಿ ತುಂಬಿಸುವುದು ಡಬ್ಲ್ಯುಎಸ್-ಡಿಸ್ಕವರಿ ಎಂಬ ಬೇರೆ ದಾರಿಯಿಂದ, ಸಾಂಬಾ ತಾನಾಗಿ ಆ ಭಾಷೆಯಲ್ಲಿ ಹೆಸರು ಕೂಗುವುದಿಲ್ಲ. ಅದಕ್ಕೆ ಉಬುಂಟುವಿನಲ್ಲಿ ಡಬ್ಲ್ಯುಎಸ್‌ಡಿಡಿ ಅಂತ ಸಣ್ಣ ಪ್ಯಾಕೇಜ್ ಇದೆ (ಹೊಸ ಉಬುಂಟುವಿನಲ್ಲಿ ಅದರ ಸರ್ವರ್ ಭಾಗ ಬೇರೆಯಾಗಿ ಸಿಗುತ್ತದೆ, ಅದನ್ನೇ ಹಾಕಿ). ಉಬುಂಟುವಿನ ಫೈರ್‌ವಾಲ್ ಆನ್ ಇದ್ದರೆ ಯುಡಿಪಿ 3702, ಟಿಸಿಪಿ 5357 ಎಂಬ ಪೋರ್ಟ್‌ಗಳನ್ನು (ನೆಟ್‌ವರ್ಕ್ ಬಾಗಿಲುಗಳು) ಬಿಡಬೇಕು. ಹೆಸರು ಬರಲು ಒಂದೆರಡು ನಿಮಿಷ ಹಿಡಿಯಬಹುದು.

ಐಪಿ ಹಾಕಿದರೂ ತೆರೆಯಲಿಲ್ಲ ಅಂದರೆ ಕತೆ ಬೇರೆ. ನಮ್ಮ ಹುಬ್ಬಳ್ಳಿ ಕಡೆ ಅಂಗಡಿಗಳಲ್ಲಿ ನಾನು ಜಾಸ್ತಿ ನೋಡುವುದು ಇದನ್ನೇ: ಫೈಬರ್ ಡಬ್ಬಿಯ ಹಿಂದೆ ಇನ್ನೊಂದು ವೈಫೈ ರೌಟರ್ ಸಿಕ್ಕಿಸಿರುತ್ತಾರೆ, ಒಂದು ಕಂಪ್ಯೂಟರ್ 192.168.1 ಸಾಲಿನಲ್ಲಿ, ಇನ್ನೊಂದು 192.168.0 ಸಾಲಿನಲ್ಲಿ, ಮತ್ತೆ ಹೇಗೆ ಕಾಣಬೇಕು? ಎರಡನೇ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಆಗ ಅದು ಬೇರೆ ಸಾಲು ಮಾಡದೆ ಮೊದಲನೆಯದರ ಸಾಲನ್ನೇ ಹಂಚುತ್ತದೆ. ಗೆಸ್ಟ್ ವೈಫೈನಲ್ಲಿದ್ದರೆ ಬದಲಿಸಿ. ಉಬುಂಟುವಿನ ಫೈರ್‌ವಾಲ್‌ನಲ್ಲಿ ಫೈಲ್ ಹಂಚಿಕೆಯ ಪೋರ್ಟ್ ಟಿಸಿಪಿ 445 ಬಿಟ್ಟಿದೆಯಾ ನೋಡಿ.

ವಿಂಡೋಸ್ 11ರಲ್ಲಿ ಮಾತ್ರ ತೆರೆಯದೆ, 7ರಲ್ಲಿ ತೆರೆದರೆ, ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರ್ ಮೇಲೆ ನನಗೆ ಅನುಮಾನ. ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊ ಅದನ್ನು ಒಪ್ಪುವುದಿಲ್ಲ. ಸಾಂಬಾದಲ್ಲಿ ಒಬ್ಬ ಯೂಸರ್ ಮಾಡಿ ಪಾಸ್‌ವರ್ಡ್ ಕೊಡಿ, ವಿಂಡೋಸ್ ರಕ್ಷಣೆ ಕಡಿಮೆ ಮಾಡಬೇಡಿ. ಆ ವಿಂಡೋಸ್ 7ಕ್ಕೆ 2020ರಿಂದ ಅಪ್‌ಡೇಟ್ ನಿಂತಿದೆ, ಅದಕ್ಕೆ ಇಂಟರ್‌ನೆಟ್ ಕೊಡದಿದ್ದರೆ ಒಳ್ಳೆಯದು.

ಕರೆಂಟ್ ಹೋಗಿ ಬಂದಾಗ ಐಪಿ ಬದಲಾಗಬಹುದು, ರೌಟರಿನಲ್ಲಿ ಉಬುಂಟುವಿಗೆ ಒಂದೇ ಐಪಿ ಕಟ್ಟಿಬಿಡಿ. ಆಗಲೂ ತೆರೆಯದಿದ್ದರೆ ವಿಂಡೋಸ್ ತೋರಿಸುವ ಎರರ್ ನಂಬರ್ ಇಲ್ಲಿ ಹಾಕಿ.