ಬ್ರಿಟನ್ನಿನ ಹಿರಿಯರು ನೆನೆಯುವ ‘ರ‍್ಯಾಗ್ ವೀಕ್’ ಎಂದರೇನು? ಅದಕ್ಕೂ ನಮ್ಮ ರ‍್ಯಾಗಿಂಗ್‌ಗೂ ಸಂಬಂಧವಿದೆಯೇ?

ಸಂಬಂಧವಿದೆ, ಆದರೆ ಪದದ ಮೂಲದಲ್ಲಿ ಮಾತ್ರ. ಗದ್ದಲದ ಕೀಟಲೆಗೆ 19ನೇ ಶತಮಾನದ ಇಂಗ್ಲಿಷ್ ವಿದ್ಯಾರ್ಥಿಗಳು ‘ರ‍್ಯಾಗ್’ ಎನ್ನುತ್ತಿದ್ದರು. ನಮ್ಮಲ್ಲಿ ಆ ಪದ ಕಿರಿಯರನ್ನು ಪೀಡಿಸುವ ಕ್ರೌರ್ಯಕ್ಕೆ ಅಂಟಿಕೊಂಡರೆ, ಬ್ರಿಟನ್ನಿನಲ್ಲಿ ಅದು ಧರ್ಮಕಾರ್ಯಕ್ಕೆ ಹಣ ಕೂಡಿಸುವ ವಾರದ ಹೆಸರಾಯಿತು.

ಮೊದಲ ಮಹಾಯುದ್ಧದ ನಂತರ ಕೇಂಬ್ರಿಜ್ ವಿದ್ಯಾರ್ಥಿಗಳು ನವೆಂಬರ್ ತಿಂಗಳ ‘ಪಾಪಿ ಡೇ’ಯಂದು (ಯುದ್ಧದಲ್ಲಿ ಮಡಿದವರ ನೆನಪಿಗೆ ಕೆಂಪು ಪಾಪಿ ಹೂವನ್ನು ಧರಿಸುವ ದಿನ) ವೇಷ ಕಟ್ಟಿ ಬೀದಿಗಿಳಿದು, ಮಾಜಿ ಸೈನಿಕರ ನೆರವಿಗಾಗಿ ಚಂದಾ ಎತ್ತುತ್ತಿದ್ದರು. 1950–70ರ ದಶಕಗಳಲ್ಲಿ ಈ ರೂಢಿ ಅನೇಕ ವಿಶ್ವವಿದ್ಯಾಲಯಗಳಲ್ಲಿ ಭರದಿಂದ ನಡೆಯುತ್ತಿತ್ತು: ಸಿಂಗರಿಸಿದ ಲಾರಿಗಳ ಮೆರವಣಿಗೆ, ಚಕ್ರದ ಮಂಚವನ್ನು ಊರಿಂದೂರಿಗೆ ತಳ್ಳುವ ಸಾಹಸ, ಗಣ್ಯರನ್ನು ಸುಳ್ಳುಸುಳ್ಳೇ ‘ಅಪಹರಿಸಿ’ ಬಿಡುಗಡೆಗೆ ಹಣ ಕೇಳುವ ಆಟ, ಮತ್ತು ಇವೆಲ್ಲದರ ನಡುವೆ ಡಬ್ಬಿ ಅಲ್ಲಾಡಿಸುತ್ತ ದಾರಿಹೋಕರಿಗೆ ನಗೆಹನಿಗಳ ಪುಸ್ತಿಕೆ ಮಾರುವ ತರುಣರು. ಆ ಪುಸ್ತಿಕೆಗಳ ಹಲವು ಹಾಸ್ಯಗಳು ಅಶ್ಲೀಲವಾಗಿದ್ದವು, ಹೆಣ್ಣುಮಕ್ಕಳನ್ನು ಹೀಗಳೆಯುತ್ತಿದ್ದವು. ಅವಕ್ಕೆ ಬಂದ ವಿರೋಧ ನ್ಯಾಯವಾದದ್ದೇ.

1958ರ ಜೂನ್‌ನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಮಾರಂಭ ಭವನವಾದ ಸೆನೆಟ್ ಹೌಸ್‌ನ ಮಾಳಿಗೆಯ ಮೇಲೆ ರಾತ್ರೋರಾತ್ರಿ ಆಸ್ಟಿನ್ ಸೆವೆನ್ ಕಾರು ಕಾಣಿಸಿಕೊಂಡ ಪ್ರಸಂಗವನ್ನು ಕೆಲವರು ಇದರೊಂದಿಗೆ ಬೆರೆಸುತ್ತಾರೆ. ಅದು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಅದ್ಭುತ ಕೈಚಳಕವೇ ಹೊರತು ಚಂದಾ ಸಂಗ್ರಹವಲ್ಲ.

ನನ್ನ ದೃಷ್ಟಿಯಲ್ಲಿ ಹಿರಿಯರ ನೆನಪನ್ನು ಬೆಚ್ಚಗಿಟ್ಟಿರುವುದು ಕೀಟಲೆಗಿಂತ ಹೆಚ್ಚಾಗಿ, ಅಂಗಡಿಯವರೂ ಬಸ್ ಪ್ರಯಾಣಿಕರೂ ಆ ಒಂದು ವಾರ ವಿದ್ಯಾರ್ಥಿಗಳ ಗದ್ದಲವನ್ನು ನಗುತ್ತ ಸಹಿಸಿ, ಡಬ್ಬಿಗೆ ಚಿಲ್ಲರೆ ಹಾಕುತ್ತಿದ್ದ ಔದಾರ್ಯ.